ಸ್ಯಾನ್ ರಮೋನಿನ ಕೋಚ್ ಬಿದ್ದದ್ದು ಹೇಗೆ

ಬೆಂಗಳೂರಿನಿಂದ ಮುಂಬೈ, ಮುಂಬೈಯಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊ. ಕಾದದ್ದೂ ಸೇರಿ ಮೂವತ್ತೊಂದು ಗಂಟೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇಪ್ಪತ್ತೇಳು ವರ್ಷ ಪೀಣ್ಯದಲ್ಲಿ ಗ್ರೈಂಡಿಂಗ್ ಮಷೀನಿನ ಮುಂದೆ ನಿಂತು ಕೆಲಸ ಮಾಡಿದವನು. ನನ್ನಂಥವನನ್ನು ಹತ್ತು ದಿನಕ್ಕೆ ಅಮೆರಿಕಕ್ಕೆ ಕಳಿಸಿದ್ದು ಸುತ್ತಾಡಲಿಕ್ಕಲ್ಲ. ನಾವು ಮಾಡಿ ಹಡಗಿನಲ್ಲಿ ಕಳಿಸಿದ್ದ ಒಂದು ಮಷೀನನ್ನು ಅಲ್ಲಿ ಕೂರಿಸಿ ಬರಬೇಕಿತ್ತು. ಆ ಹತ್ತು ದಿನದ ಬಗ್ಗೆ ಪೀಣ್ಯದಲ್ಲಿ ಈಗ ಬಾಯಿಗೆ ಬಂದಂತೆ ಮಾತಾಡುತ್ತಿದ್ದಾರೆ. ಪುಟ್ಟಸ್ವಾಮಿಗೆ ತಲೆ ತಿರುಗಿತು, ಬಂದ ಆರ್ಡರನ್ನು ಒದ್ದು ಬಂದ ಅನ್ನುತ್ತಾರೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಏರ್‌ಪೋರ್ಟಿಗೆ ನಾಗೇಶ ಬಂದಿದ್ದ. ಹಾಸನದ ಕಡೆಯವನು, ನಮ್ಮ ಮಾಲೀಕರ ಜೊತೆ ಕಾಲೇಜಿನಲ್ಲಿ ಓದಿದವನು. ಡಾಟ್ ಕಾಮ್ ಭರಾಟೆಯಲ್ಲಿ ಕಂಪನಿ ಷೇರು ಮಾರಿ, ಸ್ಯಾನ್ ರಮೋನಿನಲ್ಲಿ ಒಂದು ಐಸ್ ರಿಂಕಿಗೆ ಪಾಲುದಾರನಾಗಿದ್ದ. ರಿಂಕ್ ಎಂದರೆ ಗೋಡೌನಿನಂಥ ದೊಡ್ಡ ಕಟ್ಟಡ. ಒಳಗೆ ನೆಲದ ತುಂಬ ಮಂಜುಗಡ್ಡೆ. ಅದರ ಮೇಲೆ ಬ್ಲೇಡಿನ ಬೂಟು ತೊಟ್ಟು ಹಾಕಿ ಆಟ ಆಡುತ್ತಾರೆ. ಚೆಂಡಿನ ಬದಲು ರಬ್ಬರಿನ ಬಿಲ್ಲೆ. ಆ ಬೂಟಿನ ಬ್ಲೇಡಿಗೆ ಸಾಣೆ ಹಿಡಿಯುವುದೇ ನಮ್ಮ ಮಷೀನಿನ ಕೆಲಸ. ಅಲ್ಲಿನ ಮಷೀನಿನ ಅರ್ಧ ರೇಟಿಗೆ ಬೆಂಗಳೂರಿನಲ್ಲಿ ಮಾಡಿಸಿ, ಸುತ್ತಲಿನ ರಿಂಕುಗಳಿಗೆಲ್ಲ ಮಾರುವುದು ಅವನ ಲೆಕ್ಕ.

ಉದ್ದನೆಯ ಸೇತುವೆಯ ಮೇಲೆ ಕೊಲ್ಲಿ ದಾಟಿ, ಕೊನೆಗೆ 680 ಫ್ರೀವೇಗೆ ಬಂದೆವು. ಎರಡೂ ಕಡೆ ಬೋಳು ಗುಡ್ಡ, ಒಣಗಿದ ರಾಗಿ ಹುಲ್ಲಿನ ಬಣ್ಣ. ಅಕ್ಟೋಬರ್ ಆದರೂ ಬಿಸಿಲು ಚುರುಗುಟ್ಟುತ್ತಿತ್ತು. ನಾಗೇಶ ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಫೋನು ಹಿಡಿದು ದಾರಿಯುದ್ದಕ್ಕೂ ಷೇರಿನ ಮಾತೇ ಆಡಿದ. ಮೋಟೆಲಿನಲ್ಲಿ ಇಳಿಸಿ, ನಾಳೆ ಎಂಟಕ್ಕೆ ಬಸ್ ಹಿಡಿದು ಬನ್ನಿ, ಒಂದೂಕಾಲು ಡಾಲರ್ ಚಿಲ್ಲರೆ ಇಟ್ಟುಕೊಳ್ಳಿ, ಡ್ರೈವರ್ ನೋಟಿಗೆ ಚಿಲ್ಲರೆ ಕೊಡುವುದಿಲ್ಲ ಎಂದು ಹೇಳಿ ಹೋದ. ಊಟ ಆಯಿತೇ ಅಂತ ಕೇಳಲಿಲ್ಲ.

ಮರುದಿನ ರಿಂಕಿನ ಬಾಗಿಲು ತಳ್ಳಿದ ತಕ್ಷಣ ಮೂಳೆಗೆ ಚಳಿ ಹೊಕ್ಕಿತು. ಕೌಂಟರಿನ ಹಿಂದೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡಿದ್ದ ಹೆಂಗಸು ನನ್ನ ಮುಖ ನೋಡಿ, “ಬೆಂಗ್ಳೂರಿಂದ ಬಂದಿರೋ ಅಣ್ಣ ನೀವೇನಾ?” ಅಂದಳು. ನಸೀಮಾ, ಮೈಸೂರಿನ ಮಂಡಿ ಮೊಹಲ್ಲಾದವಳು. ಗಂಡನದು ಹತ್ತಿರದಲ್ಲೇ ಗ್ರೋಸರಿ ಅಂಗಡಿ. ಆ ಹತ್ತು ದಿನ ನನಗೆ ಬಾಯಿ, ಕಿವಿ ಎರಡೂ ಅವಳೇ. ಮಧ್ಯಾಹ್ನ ಅವಳ ಡಬ್ಬಿಯಿಂದಲೇ ಚಪಾತಿ, ಬೇಳೆ ತಿಂದೆ.

ಕೋಚ್ ವಾಲ್ಟನನ್ನು ತೋರಿಸಿದ್ದೂ ಅವಳೇ. ಐವತ್ತೆರಡರ ಆಳು, ಕತ್ತು ದಪ್ಪ, ಮೂಗು ಎರಡು ಕಡೆ ಮುರಿದು ಕೂಡಿಕೊಂಡಿತ್ತು. ಮಕ್ಕಳ ತಂಡಕ್ಕೆ ಕಲಿಸುತ್ತಿದ್ದ. ಮಕ್ಕಳು ಮುನ್ನುಗ್ಗಿ ಬರುತ್ತಿದ್ದರೆ ಅವನು ಅವರಿಗೆ ಮುಖ ಮಾಡಿಕೊಂಡೇ ಹಿಂದಕ್ಕೆ ಹಿಂದಕ್ಕೆ ಜಾರುತ್ತಿದ್ದ. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಡಿಫೆಂಡರ್ ಕೆಲಸವೇ ಅದು ಅಂದಳು ನಸೀಮಾ: ಎದುರಾಳಿಯನ್ನು ಕಣ್ಣಲ್ಲಿ ಹಿಡಿದುಕೊಂಡು ಹಿಂದಕ್ಕೆ ಓಡುವುದು, ಗೋಲಿಗೆ ದಾರಿ ಬಿಡದಿರುವುದು.

ಮೂರನೆಯ ದಿನ ಬಸ್ ಸ್ಟಾಪಿನಲ್ಲಿ ನಿಂತಿದ್ದ ನನ್ನನ್ನು ಅವನೇ ತನ್ನ ಹಳೆಯ ಪಿಕಪ್ಪಿಗೆ ಹತ್ತಿಸಿಕೊಂಡ. ನನ್ನದು ಮಷೀನ್ ಕ್ಯಾಟಲಾಗಿನ ಇಂಗ್ಲಿಷು. ಆದರೂ ಅವನ ಬದುಕಿನ ಒಂದಷ್ಟು ತಿಳಿಯಿತು. ಉಳಿದದ್ದನ್ನು ನಸೀಮಾ ಹೇಳಿದಳು. ಕೆನಡಾದಲ್ಲಿ ಗೋಧಿ ಬೆಳೆಯುವ ಹಳ್ಳಿಯವನು. ಹದಿನಾರಕ್ಕೆ ಶಾಲೆ ಬಿಟ್ಟು, ಆಟಕ್ಕಾಗಿ ಬೇರೆ ಊರಿನ ಯಾರದೋ ಮನೆಯಲ್ಲಿ ಉಳಿದ. ಹದಿನಾಲ್ಕು ವರ್ಷ ಸಂಬಳಕ್ಕೆ ಆಡಿದ. ಹೆಚ್ಚಿನದೆಲ್ಲ ಸಣ್ಣ ಊರುಗಳ ತಂಡ, ಬಸ್ಸಿನಲ್ಲೇ ನಿದ್ದೆ. ದೊಡ್ಡ ಲೀಗಿನಲ್ಲಿ ಆಡಿದ್ದು ನಲವತ್ತೊಂದೇ ಪಂದ್ಯ, ಗೋಲು ಒಂದೇ, ಅದೂ ಯಾರದೋ ಕಾಲಿಗೆ ತಗುಲಿ ಒಳಗೆ ಹೋದದ್ದು. ಗುಂಡಿನಂತೆ ಬರುವ ಬಿಲ್ಲೆಗೆ ಅಡ್ಡ ಬಿದ್ದು ಮುಂದಿನ ಐದು ಹಲ್ಲು ಕಳೆದುಕೊಂಡ. ಒಂದು ಮಂಡಿಗೆ ಎರಡು ಸಲ ಆಪರೇಷನ್ ಆಯಿತು. ಆಟ ಮುಗಿದ ಮೇಲೆ ಕೋಚ್ ಆದ. ಕ್ಯಾಲಿಫೋರ್ನಿಯಾದಲ್ಲಿ ಹೊಸ ರಿಂಕುಗಳು ಏಳತೊಡಗಿದಾಗ ಇಲ್ಲಿಗೆ ಬಂದ. “ಗೋಲು ಹೊಡೆದವನ ಹೆಸರು ಬೋರ್ಡಿನ ಮೇಲೆ ಬರುತ್ತೆ,” ಅಂದ. “ತಡೆದದ್ದು ಯಾವ ಬೋರ್ಡಿನಲ್ಲೂ ಬರಲ್ಲ.” ನನಗೆ ಆ ಮನುಷ್ಯ ಹಿಡಿಸಿದ್ದು ಅಲ್ಲೇ. ಗ್ರೈಂಡಿಂಗ್ ಮಾಡುವವನ ಹೆಸರನ್ನು ಯಾರು ಕೇಳುತ್ತಾರೆ? ಪಾರ್ಟು ಕೆಟ್ಟರೆ ಮಾತ್ರ ಕೇಳುತ್ತಾರೆ.

ಮಕ್ಕಳ ಅಪ್ಪಂದಿರಿಗೆ ಅವನು ಹಿಡಿಸುತ್ತಿರಲಿಲ್ಲ. ಮೊದಲ ಆರು ತಿಂಗಳು ಹಿಂದಕ್ಕೆ ಓಡುವುದನ್ನೇ ಕಲಿಸುತ್ತಾನೆ, ನಮ್ಮ ಮಕ್ಕಳು ಗೋಲು ಹೊಡೆಯುವುದು ಯಾವಾಗ ಎಂದು ಅವರ ತಕರಾರು. ಆರು ತಿಂಗಳಲ್ಲಿ ಕಂಪನಿ ಕಟ್ಟಿ ಮಾರಿದ ಜನ. ನಾಗೇಶನೂ ಅವರ ಕಡೆಯೇ. ಗೋಲು ಹೊಡೆಯುತ್ತಿದ್ದ ಚಿಕ್ಕ ವಯಸ್ಸಿನ ಆಟಗಾರನೊಬ್ಬನನ್ನು ಹೊಸ ಕೋಚ್ ಮಾಡಲು ಆಗಲೇ ಮಾತಾಡಿಸಿ ಇಟ್ಟಿದ್ದ.

ನಾಲ್ಕನೆಯ ದಿನ ಮಷೀನು ಕೂತಿತು. ನಾಗೇಶ ಒಂದು ಜೊತೆ ಸ್ಕೇಟು, ಅಂದರೆ ಆ ಬ್ಲೇಡಿನ ಬೂಟು, ತಂದು ಮೇಜಿನ ಮೇಲಿಟ್ಟ. ಕೋಚ್‌ದು, ಇದರಿಂದಲೇ ಶುರು ಮಾಡಿ, ಅವನಿಗೆ ಗೊತ್ತಾಗದ ಹಾಗೆ ವಾಪಸ್ ಇಡೋಣ, ನಾಳೆ ಎಲ್ಲರ ಮುಂದೆ ನಮ್ಮ ಮಷೀನಿಂದು ಅಂತ ಹೇಳೋಣ ಅಂದ. ನಾನು ಬ್ಲೇಡನ್ನು ಬೆಳಕಿಗೆ ಹಿಡಿದು ನೋಡಿದೆ. ಉದ್ದಕ್ಕೂ ನಡುವೆ ಗುಳಿ ಬಿದ್ದಿತ್ತು, ಎರಡು ಅಂಚು ಮಾತ್ರ ಎದ್ದಿದ್ದವು. ಪಾಪ, ಎಷ್ಟು ವರ್ಷ ಸವೆದಿದೆಯೋ ಅಂದುಕೊಂಡೆ. ಸಾಣೆ ವೀಲಿನ ಮುಖವನ್ನು ವಜ್ರದ ಮೊನೆಯ ಡೈಮಂಡಿನಿಂದ ಸಮ ಮಾಡಿ, ಕೂದಲೆಳೆಯಷ್ಟು ಕೂದಲೆಳೆಯಷ್ಟು ತೆಗೆದು, ಆ ಗುಳಿ ಪೂರ್ತಿ ಹೋಗುವ ತನಕ ಬಿಡಲಿಲ್ಲ. ಕೊನೆಗೆ ಬ್ಲೇಡಿನ ತಳ ಕನ್ನಡಿಯಾಯಿತು. ಅದರಲ್ಲಿ ನನ್ನ ಮೀಸೆ ಕಂಡಿತು. ಅಷ್ಟು ಒಳ್ಳೆಯ ಕೆಲಸ ಈ ವರ್ಷ ಮಾಡಿರಲಿಲ್ಲ ಅಂತ ಹೆಮ್ಮೆಪಟ್ಟೆ.

ಐದನೆಯ ದಿನ ಶನಿವಾರ. ಅಪ್ಪಂದಿರೆಲ್ಲ ಕಾಫಿ ಕಪ್ಪು ಹಿಡಿದು ಗಾಜಿನ ಹಿಂದೆ ನಿಂತಿದ್ದರು. ವಾಲ್ಟ್ ತಾನೇ ಸಾಣೆ ಹಿಡಿದು ಇಟ್ಟಿದ್ದ ಸ್ಕೇಟು ಎಂದು ನಂಬಿ, ತಿರುಗಿಸಿಯೂ ನೋಡದೆ ಲೇಸು ಬಿಗಿದು ಇಳಿದ. ಎರಡು ಹೆಜ್ಜೆ ಓಡಿ, ಹಿಂದಕ್ಕೆ ತಿರುಗಲು ಕಾಲು ಒತ್ತಿದ್ದಷ್ಟೇ. ಸೋಪಿನ ಮೇಲೆ ಕಾಲಿಟ್ಟವನ ಹಾಗೆ ಎರಡೂ ಕಾಲು ಪಕ್ಕಕ್ಕೆ ಹೋದವು. ಆ ಭಾರಿ ದೇಹ ಮಂಜಿನ ಸುತ್ತಲಿನ ಹಲಗೆ ಗೋಡೆಗೆ ಬಡಿದ ಸದ್ದು ಗಾಜಿನಾಚೆಗೂ ಕೇಳಿಸಿತು. ಮಣಿಕಟ್ಟು ಮುರಿದಿತ್ತು. ಎದ್ದು ಕೂತು, ಸ್ಕೇಟು ಸರಿಯಿಲ್ಲ, ಯಾರೋ ಮುಟ್ಟಿದ್ದಾರೆ ಅಂದನಂತೆ. ಅಪ್ಪಂದಿರಲ್ಲಿ ಇಬ್ಬರು ನಕ್ಕರು. ನಾಗೇಶ ಸ್ಕೇಟು ಬಿಚ್ಚಿಸಿ ತನ್ನ ಕಾರಿನ ಡಿಕ್ಕಿಯಲ್ಲಿಟ್ಟ. ನನ್ನ ಕಡೆ ತಿರುಗಿ, “ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ,” ಅಂದ.

ಭಾನುವಾರ ಕೆಲಸವಿರಲಿಲ್ಲ. ಮೋಟೆಲಿನಲ್ಲಿ ಕೂರಲಾಗದೆ ರಿಂಕಿಗೆ ಹೋದೆ. ಬಾಡಿಗೆಗೆ ಕೊಡುವ ಸ್ಕೇಟುಗಳು ಕೌಂಟರಿನ ಹಿಂದೆ ಗೂಡಿನಲ್ಲಿದ್ದವು. ಸುಮ್ಮನೆ ಒಂದನ್ನು ತೆಗೆದು ತಿರುಗಿಸಿದೆ: ನಡುವೆ ಗುಳಿ. ಇನ್ನೊಂದು: ಗುಳಿ. ದೊಡ್ಡವರದು, ಮಕ್ಕಳದು, ಹತ್ತು, ಇಪ್ಪತ್ತು, ಮೂವತ್ತು ಜೊತೆ ನೋಡಿದೆ. ಎಲ್ಲದರಲ್ಲೂ ಒಂದೇ ಆಳ. ಮೂವತ್ತು ಜೊತೆ ಬ್ಲೇಡು ಒಂದೇ ಆಳಕ್ಕೆ ಸವೆಯುವುದು ಸಾಧ್ಯವಿಲ್ಲ. ಅದು ಸವೆತವಲ್ಲ, ಬೇಕೆಂದೇ ಕೊರೆದದ್ದು. ಆ ಗುಳಿ ಇದ್ದರೆ ತಾನೇ ಎರಡು ಅಂಚು ಮಂಜನ್ನು ಕಚ್ಚುವುದು. ನಾನು ಅವನ ಕಾಲ ಕೆಳಗಿನ ಹಿಡಿತವನ್ನೇ ಉಜ್ಜಿ ತೆಗೆದಿದ್ದೆ. ಇಪ್ಪತ್ತೇಳು ವರ್ಷದ ಅನುಭವ ಅಂತ ಎದೆ ಉಬ್ಬಿಸಿಕೊಂಡವನು, ಈ ಪಾರ್ಟಿನ ಕೆಲಸವೇನು ಎಂದು ಒಬ್ಬರನ್ನೂ ಕೇಳಿರಲಿಲ್ಲ. ನನ್ನ ಕೈಗೆ ನಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬಂತು.

ಸೋಮವಾರ ನಾಗೇಶನಿಗೆ ಹೇಳಿದೆ. ಅವನು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. “ಆಯ್ತಲ್ಲ, ಸುಮ್ನಿರಿ. ಅವನ ಮಂಡಿ ಹೋಗಿದೆ, ಅನ್‌ಫಿಟ್ಟು ಅಂತ ನಾನಾಗ್ಲೇ ಎಲ್ರಿಗೂ ಮೇಲ್ ಹಾಕಿದೀನಿ. ನಾಳೆ ಹೊಸ ಕೋಚ್ ಆರಿಸೋ ಮೀಟಿಂಗು, ಮುಗೀತು.”

“ಮಂಡಿ ಅಲ್ಲ ಸಾರ್, ಬ್ಲೇಡು. ಅದನ್ನ ಕೆಡಿಸಿದೋನು ನಾನು.”

“ಹಂಗಂತ ಅಲ್ಲಿ ಹೇಳಿದ್ರೆ ನಿಮ್ಮ ಮಷೀನ್ ಯಾರು ತಗೋತಾರ್ರೀ? ಇನ್ನೂ ಹನ್ನೆರಡು ಮಷೀನು ಮಾತಾಡಿದೀನಿ. ನಿಮ್ಮ ಓನರ್‌ಗೆ ನೀವೇ ಹೇಳ್ತೀರಾ?”

ಹೊರಗೆ ಬಂದು ನೇರ ಕೌಂಟರಿಗೆ ಹೋದೆ. ನಸೀಮಾಳಿಗೆ ಎಲ್ಲವನ್ನೂ ಹೇಳಿದೆ. ಕೋಚ್ ಹೇಗೂ ಇಲ್ಲಿ ಉಳಿಯುವುದಿಲ್ಲ, ಅದು ಅವನಿಗೂ ಗೊತ್ತು ಅಂದಳು. ಆದರೆ ಅನ್‌ಫಿಟ್ ಅಂತ ಕಾಗದದ ಮೇಲೆ ಬಂದರೆ ಈ ಬೇ ಏರಿಯಾದ ಯಾವ ರಿಂಕಿನವರೂ ಅವನನ್ನು ಕರೆಯುವುದಿಲ್ಲ. ಮಂಜಿನ ಮೇಲೆ ನಿಲ್ಲಲಾಗದ ಕೋಚ್ ಯಾರಿಗೆ ಬೇಕು? ಅವನಿಗೆ ಬೇರೆ ಕೆಲಸವೂ ಬಾರದು. ಅದು ನನಗೆ ಅರ್ಥವಾಗುವ ಮಾತು. ನಾಳೆ ನನ್ನ ಮಾತನ್ನು ಇಂಗ್ಲಿಷಿನಲ್ಲಿ ಹೇಳುತ್ತೀಯಾ, ನಿನ್ನ ಕೆಲಸಕ್ಕೆ ತೊಂದರೆಯಾದೀತು ಅಂದೆ. “ಹೋದ್ರೆ ಹೋಗ್ಲಿ ಬಿಡಿ ಅಣ್ಣಾ. ನಮ್ಮ ಯಜಮಾನ್ರ ಅಂಗಡೀಲಿ ಇಷ್ಟು ಚಳಿಯಂತೂ ಇಲ್ಲ,” ಅಂದಳು.

ಮಂಗಳವಾರ ಸಂಜೆ ಆರಕ್ಕೆ ಮೇಲಿನ ಕೋಣೆಯಲ್ಲಿ ಮೀಟಿಂಗು. ಹದಿನೈದು ಮಂದಿ ಅಪ್ಪಂದಿರು, ಮೇಜಿನ ಮೇಲೆ ಪಿಜ್ಜಾ. ವಾಲ್ಟ್ ಪ್ಲಾಸ್ಟರ್ ಕೈ ಇಟ್ಟುಕೊಂಡು ಮೂಲೆಯಲ್ಲಿ ಕೂತಿದ್ದ. ನಾಗೇಶ ಮಾತು ಮುಗಿಸುವ ಮೊದಲೇ ನಾನು ಎದ್ದು ನಿಂತೆ. ಆ ಬ್ಲೇಡನ್ನು ಕೆಡಿಸಿದ್ದು ನಾನು, ಗುಳಿಯನ್ನು ಸವೆತ ಅಂದುಕೊಂಡೆ, ಅವರ ಮಂಡಿಯ ತಪ್ಪಿಲ್ಲ, ಅನುಮಾನವಿದ್ದರೆ ಸ್ಕೇಟು ನಾಗೇಶ್ ಅವರ ಕಾರಿನ ಡಿಕ್ಕಿಯಲ್ಲಿದೆ, ನೋಡಿ ಅಂದೆ. ನಸೀಮಾ ಒಂದೊಂದೇ ವಾಕ್ಯ ಇಂಗ್ಲಿಷಿಗೆ ತಿರುಗಿಸಿದಳು. ನಾಗೇಶ ಕನ್ನಡದಲ್ಲಿ, “ಕೂತ್ಕೊಳ್ರೀ, ಮಾನ ಕಳೀಬೇಡಿ,” ಅಂದ. ಅವಳು ಅದನ್ನೂ ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು.

ವಾಲ್ಟ್ ಎದ್ದು ನನ್ನ ಮುಂದೆ ಬಂದ. ಕೈ ಕುಲುಕುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ಕೆಂಪಾಗಿತ್ತು. ಮೂವತ್ತಾರು ವರ್ಷ, ಅಂದ, ನನ್ನ ಬ್ಲೇಡನ್ನು ನಾನಲ್ಲದೆ ಯಾರೂ ಮುಟ್ಟಿಲ್ಲ. ನನ್ನ ಕೇಳದೆ ಹೇಗೆ ಮುಟ್ಟಿದೆ? ನಾಗೇಶ್ ಕೊಟ್ಟರು ಅಂದೆ. “ಕೊಟ್ಟವನ ಮಾತು ಆಮೇಲೆ. ಮುಟ್ಟಿದವನು ನೀನು,” ಅಂದ. ಸತ್ಯ ಹೇಳಲು ಆರ್ಡರನ್ನೇ ಪಣಕ್ಕಿಟ್ಟವನಿಗೆ ಇವನು ಬೈಯುತ್ತಾನಲ್ಲ ಅಂತ ಒಂದು ಗಳಿಗೆ ಕೆಂಡವಾದೆ. ನನ್ನ ಮೈಕ್ರೋಮೀಟರನ್ನು ಯಾರಾದರೂ ಕೇಳದೆ ಮುಟ್ಟಿದರೆ ನಾನು ಅವರ ಕೈ ಮುರಿಯುತ್ತೇನೆ ಎಂಬುದು ಆಮೇಲೆ ನೆನಪಾಯಿತು.

ಒಬ್ಬ ಅಪ್ಪ ಹೋಗಿ ಡಿಕ್ಕಿ ತೆಗೆಸಿ ಸ್ಕೇಟು ತಂದ. ಕೈಯಿಂದ ಕೈಗೆ ದಾಟಿಸಿ ನೋಡಿದರು. ಯಾರೂ ನಗಲಿಲ್ಲ. ಆದರೂ ಕೈ ಎತ್ತುವ ಹೊತ್ತಿಗೆ ಹನ್ನೊಂದು ಕೈ ಹೊಸ ಕೋಚ್‌ಗೇ ಎದ್ದವು. ಗೋಲು ಬೇಕಿತ್ತು ಅವರಿಗೆ. ಮಂಡಿಯ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡರು. ನಾಗೇಶ ಅಲ್ಲೇ ಎಲ್ಲರಿಗೂ ಇನ್ನೊಂದು ಮೇಲ್ ಕಳಿಸಬೇಕಾಯಿತು.

ಅಷ್ಟು ಸಾಲದು ಅಂದ ವಾಲ್ಟ್. ಬರೆದು ಕೊಡು ಎಂದು ಒಂದು ಹಾಳೆ ನನ್ನ ಮುಂದೆ ತಳ್ಳಿದ. ಏನಾಯಿತೋ ಅದನ್ನು ಕನ್ನಡದಲ್ಲೇ ಬರೆದು ಸಹಿ ಮಾಡಿದೆ. ಕೆಳಗೆ ನಸೀಮಾ ಇಂಗ್ಲಿಷಿನಲ್ಲಿ ಬರೆದಳು. ಅವನು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಥ್ಯಾಂಕ್ಸ್ ಅನ್ನಲಿಲ್ಲ. ಬುಧವಾರ ಬೆಳಿಗ್ಗೆ ಮಾತ್ರ ಬಂದು, ಒಂದೇ ಕೈಯಲ್ಲಿ ಡೈಮಂಡು ಹಿಡಿದು, ಬ್ಲೇಡಿನಲ್ಲಿ ಗುಳಿ ಬೀಳಲು ವೀಲಿನ ಮುಖವನ್ನು ಹೇಗೆ ಉಬ್ಬಿಸಬೇಕು ಎಂದು ತೋರಿಸಿದ. ಹಳೆಯ ಬ್ಲೇಡುಗಳ ಮೇಲೆ ಮೂರು ಸಲ ಮಾಡಿಸಿದ. ಮೂರು ಸಲವೂ ಅಡ್ಡಕ್ಕೆ ಒಂದು ನಾಣ್ಯ ಇಟ್ಟು ನೋಡಿ, ಒಂದು ಅಂಚು ಎತ್ತರ ಎಂದು ತಿರಸ್ಕರಿಸಿದ. ನಾಲ್ಕನೆಯದನ್ನು ನೋಡಿ ನಾಣ್ಯ ಜೇಬಿಗೆ ಹಾಕಿಕೊಂಡು ಹೊರಟುಹೋದ.

ಹಿಂತಿರುಗುವಾಗ ನಾಗೇಶ ಕಾರು ಕಳಿಸಲಿಲ್ಲ. ನಸೀಮಾಳ ಗಂಡ ಡಬ್ಲಿನ್ ಸ್ಟೇಷನ್ ತನಕ ಬಿಟ್ಟ. ನಾಲ್ಕು ಡಾಲರಿನ ಒಳಗೆ ರೈಲು ಓಕ್ಲೆಂಡ್ ದಾಟಿಸಿ, ಕೊಲ್ಲಿಯ ನೀರಿನ ಅಡಿಯಲ್ಲಿ ಸುರಂಗ ಹಾಯಿಸಿ ಆಚೆ ದಡಕ್ಕೆ ಹಾಕಿತು. ಅಲ್ಲಿಂದ ಏರ್‌ಪೋರ್ಟಿಗೆ ಬಸ್ಸು. ಮತ್ತೆ ಮೂವತ್ತೊಂದು ಗಂಟೆ.

ಕಾರ್ಖಾನೆಗೆ ಕಾಲಿಟ್ಟ ದಿನವೇ ಮಾಲೀಕರು ಒಳಗೆ ಕರೆದರು. ಹನ್ನೆರಡು ಮಷೀನೂ ಬೇಡ ಎಂದು ನಾಗೇಶನ ಫ್ಯಾಕ್ಸ್ ಬಂದಿತ್ತು. ಅದನ್ನು ನನ್ನ ಮುಂದೆ ಇಟ್ಟು, “ಯಾರನ್ನ ಕೇಳಿ ಬರ್ಕೊಟ್ಟೆ ಪುಟ್ಟಸ್ವಾಮಿ?” ಅಂದರು.

“ತಪ್ಪು ಮಾಡೋವಾಗ್ಲೂ ಯಾರನ್ನೂ ಕೇಳಿರ್ಲಿಲ್ಲ ಸಾರ್,” ಅಂದೆ. ಮಷೀನು ಆನ್ ಮಾಡಿದ ಸದ್ದು ಹೊರಗಿನಿಂದ ಕೇಳಿಸಿತು. ಶಿಫ್ಟು ಶುರುವಾಗಿತ್ತು, ನನ್ನ ಮಷೀನಿನ ಕಡೆ ಹೊರಟೆ.