ಎರಡು ಖಾನೆಗಳನ್ನು ಜೋಡಿಯಾಗಿ ಕೇಳುವವನು

ನಮ್ಮ ತಾಂಪೆರೆ ನಗರಸಭೆಗೆ ಕಂಪ್ಯೂಟರಿನಲ್ಲಿ ತುಂಬುವ ಅರ್ಜಿಗಳನ್ನು ಮಾಡಿಕೊಡುವ ಯಲ್ಮಾರಿ, ನಮ್ಮ ಕಟ್ಟಡದ ಮೂರನೇ ಮಹಡಿಯವನು, ಒಂಟಿ ಖಾನೆಯನ್ನು ಎಂದೂ ನಂಬಿದವನಲ್ಲ. "ಒಂದೊಂದೇ ಕೇಳಿದ್ರೆ ಎಲ್ಲಾ ಖಾನೆನೂ ಸಾಚಾನೇ ಕಣಜ್ಜಿ, ಜೋಡಿಯಾಗಿ ನಿಲ್ಲಿಸಿ ಕೇಳ್ಬೇಕು!" ಎನ್ನುತ್ತಾನೆ. ಹೊರಡುವ ದಿನ ಮರಳುವ ದಿನಕ್ಕಿಂತ ಮೊದಲಿದೆಯೇ, ಮಗಳು ತಾಯಿಗಿಂತ ಚಿಕ್ಕವಳೇ ಎಂದು ತಾಳೆ ನೋಡಿ, ಹೊಂದದಿದ್ದರೆ ಕೆಂಪು ಅಕ್ಷರ ಮೂಡಿಸಿ ಅರ್ಜಿಯನ್ನು ತಡೆಯುವುದೇ ಅವನ ಸಂಭ್ರಮ. ಸೌನಾದ ಹಬೆಸ್ನಾನದಲ್ಲಿಯೂ ಗೆಳೆಯರನ್ನು ಬಿಡುವುದಿಲ್ಲವಂತೆ: "ಬಿಸಿ ಸಾಕು ಅಂತೀಯ, ಕಾದ ಕಲ್ಲಿನ ಮೇಲೆ ಮತ್ತೆ ನೀರು ಹೊಯ್ತೀಯ, ಯಾವುದಪ್ಪಾ ನಿಜ?" ಹೊಸ ಅರ್ಜಿ ಸಿದ್ಧವಾದರೆ ಏಲಕ್ಕಿ ಬನ್ನು ಹಿಡಿದು ನನ್ನ ಅಡುಗೆಮನೆಗೆ ಓಡಿಬರುತ್ತಾನೆ, ನಾವು ಮುದುಕಿಯರು ತಪ್ಪು ತುಂಬಿದರೆ ದೊಡ್ಡ ಮೀನು ಸಿಕ್ಕವನಂತೆ ಕುಣಿಯುತ್ತಾನೆ. ಸೋಮವಾರ ತಂದದ್ದು ಮನೆಸಹಾಯದ ಅರ್ಜಿ. ಸೊಂಟ ಮುರಿದುಕೊಂಡ ನೆರೆಯ ಹಿಲ್ಯಾಳಿಗೆ ಆ ಸಹಾಯ ಬೇಕೇಬೇಕು. ನನ್ನ ಮೇಜಿನಲ್ಲೇ ತುಂಬಲು ಕುಳಿತವಳು, ಒಬ್ಬರೇ ಇದ್ದೀರಾ ಎಂಬಲ್ಲಿ ಹೌದು ಎಂದಳು. ಮನೆಯಲ್ಲಿ ಎಷ್ಟು ಜನ ಎಂಬಲ್ಲಿ ಇಬ್ಬರು ಎಂದಳು. ಕೆಂಪು ಮೂಡಿತು. "ಬಿತ್ತು ಬಲೆಗೆ!" ಎಂದು ಯಲ್ಮಾರಿ ಚಪ್ಪಾಳೆ ತಟ್ಟಿದ. "ಯಾವುದು ಸುಳ್ಳೋ, ಜಾಣಮರಿ?" ಎಂದಳು ಹಿಲ್ಯಾ. " ನಮ್ಮ ಯಜಮಾನ್ರು ಆರೈಕೆಮನೆ ಸೇರಿ ಮೂರು ವರ್ಷ ಆಯ್ತು, ನಾನು ಒಬ್ಳೇ ಇದೀನಿ. ಆದ್ರೆ ಈ ಮನೇಲಿ ನಾವಿಬ್ರು. ಅವರನ್ನ ನಾನು ಅಳಿಸಲ್ಲ." "ಹಾಗಂದ್ರೆ ಅರ್ಜಿನೇ ಹೋಗಲ್ಲ ಅಜ್ಜಿ!" "ಹೋಗದಿದ್ರೆ ಬೇಡ." ಯಲ್ಮಾರಿ ಬನ್ನನ್ನು ಬದಿಗಿಟ್ಟು ಕಂಪ್ಯೂಟರನ್ನು ತನ್ನೆಡೆಗೆ ಎಳೆದುಕೊಂಡ. ಆಮೇಲೆ ಕೆಂಪನ್ನು ತೆಗೆದು, ಆ ಎರಡು ಖಾನೆಗಳ ಕೆಳಗೆ ಮೂರನೆಯದೊಂದನ್ನು ತೆರೆದ: ಇದರ ಬಗ್ಗೆ ಏನಾದರೂ ಹೇಳುವಿರಾ? "ಎಷ್ಟುದ್ದ ಬರೀಬಹುದೋ?" ಎಂದಳು ಹಿಲ್ಯಾ. "ಎಷ್ಟಾದ್ರೂ ಬರೀರಿ. ಇದನ್ನ ಯಾವುದರ ಜೊತೆಗೂ ತಾಳೆ ನೋಡಲ್ಲ."