ನನ್ನ ತಮ್ಮನಿಗೆ ಬಿದ್ದ ಶಾಪ

ಇವತ್ತು ಮಧ್ಯಾಹ್ನ ಇಲ್ಲಿ ಅಮೆರಿಕದಲ್ಲಿ, ನಮ್ಮೂರು ಎಡಿಸನ್ನಿನ ಥಿಯೇಟರಿನಲ್ಲಿ ನನ್ನ ತಮ್ಮನಿಗೆ ಸಿಕ್ಕಾಪಟ್ಟೆ ಶಾಪ ಬಿತ್ತು ಕಣ್ರಪ್ಪಾ. ಹಳ್ಳಿಯ ಕೂಡುಕುಟುಂಬದ ಥ್ರಿಲ್ಲರ್ ಸಿನಿಮಾ. ಆಸ್ತಿಗಾಗಿ ಸ್ವಂತ ಚಿಕ್ಕಪ್ಪನನ್ನೇ ಬಾವಿಗೆ ತಳ್ಳುವ ಪಾತ್ರ ಅವನದು. ಅವನಿಗಿದು ಮೊದಲ ಸಿನಿಮಾ. "ಜನ ಏನಂದ್ರು ಹೇಳಕ್ಕಾ" ಎಂದು ಬೆಳಗ್ಗೆಯಿಂದ ಬೆಂಗಳೂರಿನಿಂದ ಮೆಸೇಜ್ ಮಾಡುತ್ತಲೇ ಇದ್ದ.

ನನ್ನ ಪಕ್ಕದಲ್ಲಿ ಹುಬ್ಬಳ್ಳಿ ಕಡೆಯ ಆಂಟಿಯೊಬ್ಬರು ಕುಳಿತಿದ್ದರು. ಅವನು ತೆರೆಯ ಮೇಲೆ ಬಂದಾಗಲೆಲ್ಲ, "ಇವನ ಬಾಯಾಗ ಮಣ್ಣ ಬೀಳ್ಲಿ!" ಎನ್ನುತ್ತಿದ್ದರು. ನಾನು ಸೀಟಿನಲ್ಲೇ ಕುಗ್ಗಿಹೋದೆ. ನೀನು ಯಾರಿಗೂ ಹಿಡಿಸಲಿಲ್ಲ ಎಂದು ಅವನಿಗೆ ಹೇಗೆ ಹೇಳಲಿ?

ಇಂಟರ್‌ವಲ್‌ನಲ್ಲಿ ತಡೆಯಲಾರದೆ, "ಆಂಟಿ, ಅವನು ನನ್ನ ತಮ್ಮ" ಎಂದುಬಿಟ್ಟೆ.

ಆಂಟಿ ಕಣ್ಣರಳಿಸಿ ನನ್ನನ್ನೇ ನೋಡಿದರು. ಆಮೇಲೆ ಕೈ ಹಿಡಿದುಕೊಂಡು, "ಅಯ್ಯ ನಮ್ಮವ್ವ! ಖರೇನ ಕೆಟ್ಟವ ಅನ್ಕೊಂಡಿದ್ದೆ ನಾ! ಭಾಳ ಚಲೋ ಮಾಡ್ಯಾನ, ಹೇಳ್ರಿ ಅವಂಗ" ಎಂದರು.

ಅಬ್ಬಾ, ಹೋದ ಜೀವ ಬಂತು. ಬೈಗುಳ ಸಮೇತ ಎಲ್ಲವನ್ನೂ ಅಲ್ಲಿಂದಲೇ ತಮ್ಮನಿಗೆ ಬರೆದು ಕಳಿಸಿದೆ.

ಇಂಟರ್‌ವಲ್ ಆದ ಮೇಲೂ ಆಂಟಿ ಬೈಯುವುದನ್ನು ನಿಲ್ಲಿಸಲಿಲ್ಲ. ಪ್ರತಿ ಸಲ ಬೈಯುವ ಮುಂಚೆ ನನ್ನ ಕಡೆ ತಿರುಗಿ, "ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ ಮತ್ತ" ಎನ್ನುತ್ತಿದ್ದರು, ಅಷ್ಟೇ.