ಧಾರೆ ಎರೆದ ಮೇಲೂ ಉಳಿದವರು

ಕಳೆದ ವಾರ ರಕ್ತಪರೀಕ್ಷೆಗೆ ಹೋಗಿದ್ದೆ. ತೋಳಿಗೆ ಸ್ಪಿರಿಟ್ ಹಚ್ಚಿದಾಗ ಆ ವಾಸನೆಗೆ ನೆನಪಾದದ್ದು ಆಸ್ಪತ್ರೆಯಲ್ಲ. ಎಪ್ಪತ್ತರ ದಶಕದ ನಮ್ಮ ಜಯನಗರದ ಅಡುಗೆಮನೆ, ಮತ್ತು ದಿನವೂ ಬೆಳಿಗ್ಗೆ ಅಲ್ಲಿಗೆ ಬರುತ್ತಿದ್ದ ಎದುರುಮನೆಯ ಯಜಮಾನರು.

ಆಗ ನಮ್ಮ ಬೀದಿಯಲ್ಲಿ ಫ್ರಿಜ್ ಇದ್ದ ಮನೆಗಳು ಕಡಿಮೆ. ಅವರ ಇನ್ಸುಲಿನ್ ಬಾಟಲಿ ನಮ್ಮ ಫ್ರಿಜ್‌ನಲ್ಲಿ ಇರುತ್ತಿತ್ತು. ನಾನು ಹಾಲು ಕಾಯಿಸಿ ಇಳಿಸುವ ಹೊತ್ತಿಗೆ ಅವರು, ಕುದಿಸಿದ ಗಾಜಿನ ಸಿರಿಂಜನ್ನು ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ಗೇಟು ತೆರೆಯುತ್ತಿದ್ದರು. ಚುಚ್ಚಿಕೊಂಡು, ಹತ್ತಿಯನ್ನು ತಾವೇ ಕಸಕ್ಕೆ ಹಾಕಿ ಹೋಗುತ್ತಿದ್ದರು. ಹೊತ್ತು ತಪ್ಪಿದ್ದು ನೆನಪಿಲ್ಲ. ನಾನು ಮೇಷ್ಟರ ಮಗಳು, ಸಾಲದ್ದಕ್ಕೆ ನಾನೂ ಟೀಚರ್. ಹೊತ್ತು ಪಾಲಿಸುವವರನ್ನು ಕಂಡರೆ ನನಗೆ ಗೌರವ.

ಮೊದಲು ಅವರ ಕಣ್ಣು ಹಳದಿಯಾದಾಗ ಎಲ್ಲರೂ ಕಾಮಾಲೆ ಎಂದುಕೊಂಡರು. ನಾಟಿ ಔಷಧಿಯೂ ಆಯಿತು. ಕೊನೆಗೆ ಹೊಟ್ಟೆ ಕೊಯ್ದು ನೋಡಿದರೆ ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್. ಆ ಗ್ರಂಥಿಯ ಬಹುಭಾಗವನ್ನೂ ಜೊತೆಗೆ ಜಠರ ಮತ್ತು ಕರುಳಿನ ಸ್ವಲ್ಪ ಭಾಗವನ್ನೂ ತೆಗೆದರು. ಇನ್ಸುಲಿನ್ ಶುರುವಾದದ್ದು ಅದರಿಂದಲೇ. ಮನೆಯಲ್ಲಿ ಆ ಕಾಯಿಲೆಯ ಹೆಸರನ್ನು ಯಾರೂ ಎತ್ತಲಿಲ್ಲ, 'ಹೊಟ್ಟೆ ಆಪರೇಷನ್' ಎಂದರು. ಒಂದು ವರ್ಷ ಕಳೆದರೆ ಹೆಚ್ಚು ಎಂದು ಡಾಕ್ಟರು ಅವರ ಭಾವಮೈದುನನಿಗೆ ಗುಟ್ಟಾಗಿ ಹೇಳಿದ್ದು ಬೀದಿಗೆಲ್ಲ ಗೊತ್ತಾಯಿತು. ಅವರಿಗೂ ಗೊತ್ತಾಯಿತು.

ಅವರಿಗೆ ಒಬ್ಬಳೇ ಮಗಳು. ಅಪ್ಪ ಇರುವಾಗಲೇ ಧಾರೆ ಎರೆದುಬಿಡಲಿ ಎಂದು ನೆಂಟರು ಅವಸರಪಡಿಸಿದರು. ನಮ್ಮಲ್ಲಿ ಹೆಣ್ಣು ಕೊಡುವ ಮುಂಚೆ ಯಾರಾದರೊಬ್ಬ ಹಿರಿಯರು ಗಂಡಿನ ಊರಿಗೆ ಹೋಗಿ, ಅಕ್ಕಪಕ್ಕದ ಎರಡು ಮನೆ ಹತ್ತಿ ವಿಚಾರಿಸಿ ಬರುವುದು ರೂಢಿ. ಅದಕ್ಕೆ ಪುರುಸೊತ್ತಾಗಲಿಲ್ಲ. ಮೈಸೂರಿನ ಹುಡುಗ, ನೌಕರಿ ಇದೆ, ಜಾತಕ ಕೂಡಿದೆ, ಸಾಕು ಎಂದರು. ಇವರು ಕುರ್ಚಿಯ ಮೇಲೆ ಕೂತೇ ಧಾರೆ ಎರೆದರು. ಬಂದವರಲ್ಲಿ ಅರ್ಧ ಜನ ಮದುಮಕ್ಕಳನ್ನು ಬಿಟ್ಟು ಅವರನ್ನೇ ನೋಡುತ್ತಿದ್ದರು...

ವರ್ಷ ಕಳೆಯಿತು. ಅವರು ಹೋಗಲಿಲ್ಲ. ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಹಲವು ಸಲ ಉಣ್ಣುವುದನ್ನು ಕಲಿತರು, ಎಣ್ಣೆ ತುಪ್ಪ ಬಿಟ್ಟರು, ಸಂಜೆ ಪಾರ್ಕಿಗೆ ಹೋಗತೊಡಗಿದರು.

"ಫೋರ್ತ್ ಬ್ಲಾಕೋ, ಫೋರ್ತ್ ಟಿ ಬ್ಲಾಕೋ ಅಂತ ಯಮನಿಗೆ ಇನ್ನೂ ಕನ್‌ಫ್ಯೂಷನ್ನು ಟೀಚರ್" ಎನ್ನುತ್ತಿದ್ದರು.

"ನೀವೇ ಕರೆದು ಅಡ್ರೆಸ್ ಹೇಳ್ಕೊಡಿ, ಅದೊಂದು ಬಾಕಿ" ಎಂದು ಅವರ ಹೆಂಡತಿ ಎದುರು ಗೇಟಿನಿಂದಲೇ ಗದರುತ್ತಿದ್ದರು.

ಒಂದು ಬೆಳಿಗ್ಗೆ ಅವರು ನಮ್ಮ ಮನೆಯಿಂದ ವಾಪಸು ರಸ್ತೆ ದಾಟುತ್ತಿದ್ದಾಗ ಆಟೋ ಬಂದು ನಿಂತಿತು. ಮಗಳು ಟ್ರಂಕು ಇಳಿಸಿಕೊಂಡಳು. ಗಂಡನಿಗೆ ಮೊದಲಿನಿಂದಲೂ ಇನ್ನೊಂದು ಸಂಸಾರವಿತ್ತು. ಮೈಸೂರಿನ ಆ ಬೀದಿಯಲ್ಲಿ ಅದು ಗೊತ್ತಿಲ್ಲದವರೇ ಇರಲಿಲ್ಲವಂತೆ. ಇವಳು ಎರಡು ವರ್ಷ ಸಹಿಸಿ ಬಂದಿದ್ದಳು.

ಅಪ್ಪ ಅವಳನ್ನು ಏನೂ ಕೇಳಲಿಲ್ಲ. "ನಾನು ಹೋಗ್ಬಿಡ್ತೀನಿ ಅಂತ ನಿನ್ನ ಕಳಿಸ್ದೆ. ನಾನು ಹೋಗ್ಲಿಲ್ಲ. ಇನ್ಮೇಲೆ ಇಲ್ಲೇ ಇರಮ್ಮ" ಎಂದರು. ನಾನು ನಮ್ಮ ಗೇಟಿನ ಬಳಿ ನಿಂತಿದ್ದೆ.

ಅವಳನ್ನು ಮತ್ತೆ ಕಳಿಸಲು ನೆಂಟರು ಬಹಳ ಹೇಳಿದರು. ಭಾವಮೈದುನನಂತೂ ನೇರವಾಗಿಯೇ ಕೇಳಿದನಂತೆ, "ಭಾವ, ನೀವಿರೋ ತನಕ ಸರಿ. ಆಮೇಲೆ ಇವಳ ಗತಿ ಏನು?"

"ಅದಕ್ಕೇ ಇರ್ತೀನಿ."

ಅಲ್ಲಿಂದ ಯಮನ ಜೋಕು ನಿಂತಿತು. ಮಗಳನ್ನು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸಿದರು. ಅವಳು ಒಳಗಿರುವಷ್ಟು ಹೊತ್ತೂ ಹೊರಗೆ ಮರದ ಕೆಳಗೆ ಡಬ್ಬಿಯಿಂದ ಮೊಸರನ್ನ ತಿನ್ನುತ್ತಾ ಕೂರುತ್ತಿದ್ದರು. ಆಪರೇಷನ್ ಮಾಡಿದ ಡಾಕ್ಟರು ಪ್ರತಿ ವರ್ಷವೂ ಇವರ ಅಂಗಿ ಎತ್ತಿಸಿ, ವಿದ್ಯಾರ್ಥಿಗಳಿಗೆ ಹೊಲಿಗೆಯ ಗುರುತು ತೋರಿಸುತ್ತಿದ್ದರು. ಇಂಥವರು ಉಳಿಯುವುದು ಅಪರೂಪ ಎನ್ನುತ್ತಿದ್ದರಂತೆ. ಒಮ್ಮೆ ಚಳಿಜ್ವರ ಬಂದು ಕಣ್ಣು ಮತ್ತೆ ಹಳದಿಯಾಯಿತು. ಇನ್ನು ಮುಗಿಯಿತು ಎಂದು ಬೀದಿಯವರೆಲ್ಲ ಹೋಗಿ ನೋಡಿ ಬಂದರು. ಆಸ್ಪತ್ರೆಯಿಂದ ಬಂದ ಮಾರನೆಯ ಬೆಳಿಗ್ಗೆಯೇ ಅವರು ನನ್ನ ಅಡುಗೆಮನೆಯ ಗೋಡೆ ಹಿಡಿದು ನಿಂತು ಸೂಜಿ ಚುಚ್ಚಿಕೊಂಡರು. ನಾನೇ ತಂದುಕೊಡುತ್ತಿದ್ದೆನಲ್ಲ ಎಂದೆ. ಮಗಳ ನೌಕರಿಯ ಪರೀಕ್ಷೆಯ ರಿಸಲ್ಟ್ ಬರುವವರೆಗೆ ತಮಗೆ ಮಲಗಲು ರಜೆ ಇಲ್ಲ ಎಂದರು.

ಅವಳಿಗೆ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಕೆಲಸವಾಯಿತು. ಅದು ಕಾಯಂ ಆದ ಮೇಲೆ ಅವರ ಮನೆಗೂ ಫ್ರಿಜ್ ಬಂತು, ನಮ್ಮ ಮನೆಯಲ್ಲಿದ್ದ ಬಾಟಲಿ ಅಲ್ಲಿಗೆ ಹೋಯಿತು. ಅದಾದ ಮೇಲೂ ಅವರು ಕೆಲವು ವರ್ಷ ಇದ್ದರು. ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದಾಗ, ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಹೃದಯಾಘಾತ ಎಂದರು. ಹಳೆಯ ಕಾಯಿಲೆ ಮತ್ತೆ ತಲೆ ಎತ್ತಿರಲೇ ಇಲ್ಲ.

ಆ ಮನೆ ಈಗಿಲ್ಲ; ನಾಲ್ಕು ಅಂತಸ್ತು ಎದ್ದಿದೆ. ಬೀದಿಯ ಹಳಬರೂ ಒಬ್ಬೊಬ್ಬರಾಗಿ ಹೋದರು. ಅವರನ್ನು ಬಲ್ಲವರೆಂದು ಉಳಿದಿರುವುದು ನಾನು, ಮತ್ತು ಜೆ.ಪಿ. ನಗರದಲ್ಲಿರುವ ಮಗಳು. ಅವಳೂ ರಿಟೈರಾಗಿದ್ದಾಳೆ. ಮೊನ್ನೆ ಫೋನ್ ಮಾಡಿ ನಿಮ್ಮ ತಂದೆ ನೆನಪಾದರು ಎಂದೆ.

"ಅಪ್ಪ ಡಾಕ್ಟ್ರು ಹೇಳ್ದಂಗೆ ಹೋಗ್ಬಿಟ್ಟಿದ್ರೆ, ನಾನು ಇನ್ನೂ ಮೈಸೂರಿನ ಆ ಮನೇಲೇ ಇರ್ತಿದ್ದೆ ಟೀಚರ್" ಎಂದಳು.

ಊಟ ಆಯಿತೇ ಎಂದು ಕೇಳಿದೆ.